ಬಾಡಿಗೆಗೆ ಕೊಟ್ಟ ಹೆಸರು

ಹತ್ತು ತಿಂಗಳಿಂದ ವಿಶಾಖಾ ಮಾಣಿಕನಗರದ ಒಂದು ಗೋಡೆಯ ಮೇಲಿದ್ದಳು. ಅವಳೆಂದರೆ ಅವಳ ಸರ್ಟಿಫಿಕೇಟು. ವೀರಭದ್ರನ ಮೆಡಿಕಲ್ ಅಂಗಡಿಯಲ್ಲಿ, ದೇವರ ಫೋಟೋದ ಪಕ್ಕ, ಗಾಜಿನ ಚೌಕಟ್ಟಿನೊಳಗೆ ಅದು ಠೀವಿಯಿಂದ ಕೂತಿತ್ತು. ವಿಶಾಖಾ ಮಾತ್ರ ಬಸವಕಲ್ಯಾಣದ ಆಚೆ, ನಾರಾಯಣಪುರದ ಮನೆಯಲ್ಲಿ ನಳದ ನೀರು ಹಿಡಿಯುತ್ತ, ರೊಟ್ಟಿ ಬಡಿಯುತ್ತ ಇದ್ದಳು. ಆ ಅಂಗಡಿಯಲ್ಲಿ ಅವಳು ಒಂದು ಗುಳಿಗೆಯನ್ನೂ ಯಾರ ಕೈಗೂ ಕೊಟ್ಟವಳಲ್ಲ.

ಇದರಲ್ಲಿ ಗುಟ್ಟೇನೂ ಇಲ್ಲ, ಎಲ್ಲರಿಗೂ ಗೊತ್ತಿರುವ ವ್ಯವಹಾರ. ಔಷಧಿ ಅಂಗಡಿಯೆಂದ ಮೇಲೆ ಫಾರ್ಮಸಿ ಓದಿ ರಿಜಿಸ್ಟರ್ ಆದವರೊಬ್ಬರು ಅಲ್ಲಿರಲೇಬೇಕು ಎನ್ನುತ್ತದೆ ಕಾನೂನು. ಓದಿದವರನ್ನೇ ಕೂರಿಸಿಕೊಂಡರೆ ಪಗಾರ ಕೊಡಬೇಕು, ಅವರ ಕಾಗದವನ್ನು ಕೂರಿಸಿಕೊಂಡರೆ ಬಾಡಿಗೆ ಸಾಕು. ಡಿ.ಫಾರ್ಮಾ ಮುಗಿಸಿದ ವಿಶಾಖಾಗೆ ದಿನಕ್ಕೆ ಹನ್ನೆರಡು ತಾಸು ನಿಂತರೆ ಏಳು ಸಾವಿರ ಎಂದು ಒಬ್ಬರು, ಮನೆಯಲ್ಲೇ ಇದ್ದರೆ ಐದು ಸಾವಿರ ಎಂದು ವೀರಭದ್ರ ಹೇಳಿದಾಗ, ಗೌಂಡಿ ಕೆಲಸದ ನರಸಿಂಗ ಮಗಳನ್ನು ಕೇಳದೆಯೇ ಎರಡನೆಯದಕ್ಕೆ ಹೂಂ ಅಂದುಬಿಟ್ಟ. ಹೆಣ್ಣುಮಗಳು ದಿನಾ ಅಷ್ಟು ದೂರ ಓಡಾಡುವುದು ತಪ್ಪಿತಲ್ಲ ಎಂಬ ಸಮಾಧಾನವೂ ಅದರಲ್ಲಿತ್ತು.

ಈ ಏರ್ಪಾಟಿನಿಂದ ಮನಸಾರೆ ಖುಷಿಪಟ್ಟವಳೆಂದರೆ ನರಸಿಂಗನ ತಾಯಿ ಮೀರಾಬಾಯಿ ಒಬ್ಬಳೇ. ಎಪ್ಪತ್ತು ದಾಟಿದ ಮುದುಕಿ. ಅಕ್ಷರ ಬಾರದು, ಆದರೆ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾಳೆ. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಅವಳು ತಿಂಗಳಿಗೊಮ್ಮೆ ಕೊಳ್ಳಬೇಕು. ಬಸವಕಲ್ಯಾಣದಲ್ಲಿ ಬಸ್ ಸ್ಟ್ಯಾಂಡಿನ ಎದುರಿಗೇ ನಾಲ್ಕು ಮೆಡಿಕಲ್ ಇವೆ. ಅವನ್ನೆಲ್ಲ ದಾಟಿ, ಹೆಂಗಸರಿಗೆ ಟಿಕೆಟ್ ಇಲ್ಲದ ಬಸ್ಸು ಹಿಡಿದು ಹುಮನಾಬಾದಿಗೆ, ಅಲ್ಲಿಂದ ಮಾಣಿಕನಗರಕ್ಕೆ ಹೋಗುವಳು.

"ಇಲ್ಲೇ ತಗೋ ಆಯಿ, ಎಲ್ಲಾ ಕಡಿ ಒಂದೇ ಗುಳಗಿ," ಎಂದು ವಿಶಾಖಾ ಹೇಳಿದರೆ, "ನಮ್ಮ ಅಂಗಡಿ ಬಿಟ್ಟು ಮಂದಿ ಅಂಗಡಿಗಿ ಯಾಕ ಹೋಗ್ಲಿ?" ಎನ್ನುವಳು.

"ಅದು ನಮ್ಮ ಅಂಗಡಿ ಅಲ್ಲ."

"ಗ್ವಾಡಿ ಮ್ಯಾಲ ನಿನ್ನ ಹೆಸರು ಅದ. ದೇವರ ಬಾಜೂಕ. ನಮ್ಮವರ ಹೆಸರು ಹಂಥಲ್ಲಿ ನಾ ಎಂದಾದ್ರೂ ನೋಡೀನೇನು?"

ಮಾಣಿಕನಗರದ ಅಂಗಡಿಗಳ ಮುಂದೆ ತನ್ನ ಗಂಡ ಚಪ್ಪಲಿ ಕೈಯಲ್ಲಿ ಹಿಡಿದು ನಿಂತದ್ದನ್ನು ಕಂಡ ಮುದುಕಿ ಅದು.

ಆಗಸ್ಟ್ ಒಂದನೇ ತಾರೀಖು ವಿಶಾಖಾಳ ಫೋನಿಗೆ ಮೆಸೇಜು ಬಂತು. ಕಲಬುರಗಿಯ ಕಾಲೇಜೊಂದರಲ್ಲಿ ಬಿ.ಫಾರ್ಮಾ, ನೇರವಾಗಿ ಎರಡನೇ ವರ್ಷಕ್ಕೆ ಸೀಟು. ಇಪ್ಪತ್ತೆರಡರ ಸಂಜೆ ಐದರೊಳಗೆ ಮೂಲ ದಾಖಲೆಗಳ ಸಮೇತ ಹಾಜರಾಗಬೇಕು, ಎಲ್ಲಿಯೂ ಕೆಲಸದಲ್ಲಿಲ್ಲವೆಂದು ಬರೆದುಕೊಡಬೇಕು. ತಪ್ಪಿದರೆ ಸೀಟು ಮುಂದಿನವರ ಪಾಲು.

ಮನೆಯವರೆಲ್ಲ ಉಣ್ಣಲು ಕೂತಿದ್ದರು. ಪುಂಡಿ ಪಲ್ಯ, ಜೋಳದ ರೊಟ್ಟಿ, ಶೇಂಗಾ ಹಿಂಡಿ. ದಿನವಿಡೀ ಸೋಯಾ ಹೊಲದಲ್ಲಿ ಕಳೆ ಕಿತ್ತು ಬಂದ ತಾಯಿ ದ್ರೌಪತಿ ಬೆರಳು ಮಡಿಸಲಾರದೆ ರೊಟ್ಟಿ ಮುರಿಯುತ್ತಿದ್ದಳು.

"ಮತ್ತ ಓದೋದು ಅಂದ್ರ? ಓದಿದ್ದು ಸಾಕಾಗಲಿಲ್ಲೇನು?" ಎಂದಳು ಮಗಳಿಗೆ.

"ಅದು ಡಿಪ್ಲೊಮಾ ಅವ್ವ, ಇದು ಡಿಗ್ರಿ. ಡಿಪ್ಲೊಮಾ ಇದ್ದವರಿಗಿ ಒಂದು ವರ್ಷ ಉಳೀತದ. ಮೂರು ವರ್ಷ ಓದಿದ್ರ ಕಂಪನ್ಯಾಗ, ದೊಡ್ಡ ದವಾಖಾನ್ಯಾಗ ನೌಕರಿ ಸಿಗ್ತದ. ಫೀಸಿಗಿ ಸ್ಕಾಲರ್‌ಶಿಪ್ ಅದ."

ನರಸಿಂಗ ತಲೆ ಎತ್ತಲಿಲ್ಲ. "ಕಾಗದ ಎಲ್ಲಾ ವೀರಭದ್ರ ಸಾವಕಾರ್ರ ಹಂತ್ಯಾಕ ಅವ."

"ಇಸ್ಕೊಂಡು ಬರಬೇಕಪ್ಪ."

"ತಿಂಗಳಾ ತಿಂಗಳಾ ಬರೋದು ನಿಂತ್ರ ಕುನಾಲನ ಫೀಸ್ ಹ್ಯಾಂಗ?"

ಕುನಾಲ ವಿಶಾಖಾಳ ತಮ್ಮ, ಐಟಿಐ ಎರಡನೇ ವರ್ಷ. "ಮುಂದಿನ ವರ್ಷ ನಂದೂ ಸರ್ಟಿಫಿಕೇಟ್ ಬರ್ತದಲ್ಲ," ಎಂದ ಅವನು. "ಅದಕ್ಕೂ ಒಂದು ಗ್ವಾಡಿ ನೋಡಿಡ್ರಿ."

"ಬಾಯಿ ಮುಚ್ಚಿ ಉಣ್ಣು," ಎಂದು ದ್ರೌಪತಿ ಗದರಿದಳು. ಬಳಿಕ ಗಂಡನ ಕಡೆ ತಿರುಗಿ, "ನಾಳೆ ಇಬ್ಬರೂ ಹೋಗಿ ಕೇಳ್ರಿ. ಕೇಳಿದ್ರ ಏನು ಹೊಡೀತಾರೇನು?" ಎಂದಳು.

ವೀರಭದ್ರ ಹೊಡೆಯುವ ಪೈಕಿ ಅಲ್ಲ. ನಲವತ್ತೈದರ ಆಸುಪಾಸು, ಹಣೆಯಲ್ಲಿ ವಿಭೂತಿ, ಯಾರಿಗೂ ಗಟ್ಟಿಯಾಗಿ ಮಾತಾಡಿದವನಲ್ಲ. ತನಗಿಂತ ಹಿರಿಯನಾದ ನರಸಿಂಗನನ್ನು ಏಕವಚನದಲ್ಲಿ ಮಾತಾಡಿಸುವನು, ಅದು ಇಬ್ಬರಿಗೂ ವಿಚಿತ್ರವೆನಿಸದು.

"ಬಾ ನರಸಿಂಗ, ಕೂಡು," ಎಂದು ಮರುದಿನ ಅಂಗಡಿಯಲ್ಲಿ ಸ್ಟೂಲು ತೋರಿಸಿದ. ನರಸಿಂಗ ಕೂಡಲಿಲ್ಲ.

"ಪೋರಿಗಿ ಕಲಬುರ್ಗ್ಯಾಗ ಸೀಟು ಸಿಕ್ಕದ್ರಿ ಸಾವಕಾರ್ರೆ. ಕಾಗದ ಬೇಕಾಗ್ಯಾವ."

"ಛಲೋ ಆಯ್ತು! ಆದ್ರ ಈಕಿ ಹೆಸರು ಇಳಸಿದ ದಿನಾನೇ ನಾ ಶಟರ್ ಇಳಸಬೇಕಾಗ್ತದ. ಲೈಸೆನ್ಸ್ ಈಕಿ ಮ್ಯಾಲೇ ನಿಂತದಲ್ಲ. ಇನ್ನೊಬ್ಬರ ಹೆಸರು ಏರಿಸೇ ಈಕಿದು ಇಳಸಬೇಕು."

"ಇನ್ನೊಬ್ಬರು ಯಾವಾಗ ಸಿಗ್ತಾರ್ರಿ?" ಎಂದು ವಿಶಾಖಾ ಕೇಳಿದಳು. "ಇಪ್ಪತ್ತೆರಡಕ್ಕ ಕಡೀ ದಿನ ಅದ."

"ನಾ ಹುಡಕ್ತೀನಿ. ನೀನೂ ಹುಡಕು ತಂಗಿ, ನಿನ್ನ ಸಂಗಾಟ ಓದಿದವರು ಇರಬೇಕಲ್ಲ? ಒಬ್ಬರದು ತಂದು ಕೊಡು, ನಿಂದು ಒಯ್ಯಿ."

ಅಷ್ಟರಲ್ಲಿ ಗಿರಾಕಿ ಬಂದ. ವೀರಭದ್ರನ ಹೆಂಡತಿ ಜಯಮಾಲಾ ಗಿರಾಕಿಯ ಕೈಯ ಖಾಲಿ ಗುಳಿಗೆ ಪಟ್ಟಿ ನೋಡಿ, ಕಪಾಟಿನಿಂದ ಅದೇ ಬಣ್ಣದ ಇನ್ನೊಂದು ಪಟ್ಟಿ ತೆಗೆದು, ಬಿಲ್ಲಿನ ಮೇಲೆ ರಬ್ಬರ್ ಸ್ಟಾಂಪ್ ಒತ್ತಿದಳು. ವಿಶಾಖಾ ಬಗ್ಗಿ ನೋಡಿದಳು. ತನ್ನ ಹೆಸರು, ರಿಜಿಸ್ಟ್ರೇಷನ್ ನಂಬರು, ಕೆಳಗೆ ಸಹಿ.

"ನನ್ನ ಸಹಿ ಹಿಂಗಿಲ್ರಿ ಅಕ್ಕೋರೆ."

"ಸಹಿ ಯಾರು ನೋಡ್ತಾರವ್ವ," ಎಂದು ಜಯಮಾಲಾ ನಕ್ಕಳು. ಒಳ್ಳೆಯ ಹೆಂಗಸು, ನಗುವಿನಲ್ಲಿ ಕಪಟವಿರಲಿಲ್ಲ. "ನಿಮ್ಮ ಆಯಿ ಬಂದಾಗೊಮ್ಮೆ ಚಾ ಕುಡಿಸೇ ಕಳಸ್ತೀನಿ ನೋಡು. ನಿನ್ನ ಸರ್ಟಿಫಿಕೇಟ್ ಮುಂದ ಅರ್ಧಾ ತಾಸು ನಿಂದರ್ತಾರ."

ಹಿಂದಿರುಗುವಾಗ ಬಸವಕಲ್ಯಾಣದಲ್ಲಿ ಇಳಿದ ಮೇಲೆ ನರಸಿಂಗ, "ನಿನಗ ಕೇಳೇ ಕೊಡಬೇಕಿತ್ತು," ಎಂದ. ಅಷ್ಟು ಹೇಳಲು ಅವನಿಗೆ ಹತ್ತು ತಿಂಗಳು ಹಿಡಿದಿತ್ತು.

ಮರುದಿನದಿಂದ ವಿಶಾಖಾ ಫೋನು ಹಿಡಿದು ಕೂತಳು. ಜೊತೆಗೆ ಓದಿದ ಸಂಘರತ್ನ ಹೈದರಾಬಾದಿನ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದ, ಅವನ ಸರ್ಟಿಫಿಕೇಟು ಭಾಲ್ಕಿಯ ಗೋಡೆಯೊಂದರ ಮೇಲಿತ್ತು. ಇನ್ನೊಬ್ಬಳದು ಔರಾದದಲ್ಲಿ. ಮತ್ತೊಬ್ಬಳು ಲಗ್ನವಾಗಿ ಪುಣೆಯಲ್ಲಿದ್ದಳು, ಅವಳ ಕಾಗದ ಮಾತ್ರ ಬೀದರಿನಲ್ಲಿ ದುಡಿಯುತ್ತಿತ್ತು. ಕ್ಲಾಸಿನ ಅರ್ಧ ಮಂದಿ ಹೀಗೆ ಊರೂರು ಗೋಡೆಗಳ ಮೇಲಿರುವುದನ್ನು ಕೇಳಿ ವಿಶಾಖಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಖಾಲಿ ಇದ್ದದ್ದು ಹುಲಸೂರಿಗೆ ಸೊಸೆಯಾಗಿ ಹೋಗಿದ್ದ ಪೂನಂಳದೊಂದೇ.

"ಐದು ಸಾವಿರನಾ? ಸುಮ್ಮನ ಕೂತು?" ಎಂದಳು ಪೂನಂ. "ನಮ್ಮ ಮನೆಯವರಿಗಿ ಕೇಳಿ ಹೇಳ್ತೀನಿ."

ವಿಶಾಖಾ ಅವಳ ನಂಬರನ್ನು ವೀರಭದ್ರನಿಗೆ ಕಳಿಸಿದಳು. ಕಳಿಸಿದ ಮೇಲೆ ಫೋನನ್ನು ಜೋಳದ ಡಬ್ಬಿಯ ಹಿಂದೆ ಇಟ್ಟಳು, ಅದು ಕಣ್ಣಿಗೆ ಬೀಳುವುದೇ ಬೇಡವಾಗಿತ್ತು.

ಹನ್ನೆರಡನೇ ತಾರೀಖಿಗೆ ಮೀರಾಬಾಯಿಯ ಗುಳಿಗೆ ಮುಗಿಯಿತು. ಖಾಲಿ ಪಟ್ಟಿಯನ್ನು ಸಂಚಿಯಲ್ಲಿಟ್ಟುಕೊಂಡು ಹೊರಟಳು. "ಇನ್ನೇನು ನಿನ್ನ ಹೆಸರು ಇಳಸ್ತಾರಂತ. ಕಡೀದೊಮ್ಮೆ ನೋಡಿ ಬರ್ತೀನಿ," ಎಂದಳು. ಸಂಜೆ ಬಂದವಳು ಗುಳಿಗೆಯನ್ನು ತನ್ನ ಡಬ್ಬಿಗೆ ಹಾಕಿಕೊಂಡಳು. ವಿಶಾಖಾ ಅಂದು ವೀರಭದ್ರನ ಫೋನಿನ ದಾರಿ ಕಾಯುತ್ತಿದ್ದಳು. ಯಾವತ್ತೂ ಪಟ್ಟಿ ನೋಡುವವಳು ಅಂದು ನೋಡಲಿಲ್ಲ.

ಹದಿನಾರರ ಬೆಳಿಗ್ಗೆ ದ್ರೌಪತಿ ಒಲೆ ಹೊತ್ತಿಸಿ, "ಅತ್ತಿ, ಚಾ ಆಯ್ತು," ಎಂದು ಕರೆದಳು. ಉತ್ತರವಿಲ್ಲ. ಹೋಗಿ ನೋಡಿದರೆ ಮೀರಾಬಾಯಿ ಹಾಸಿಗೆಯಿಂದ ಅರ್ಧ ಕೆಳಗೆ ಬಿದ್ದಿದ್ದಳು. ಸೀರೆಯೆಲ್ಲ ಬೆವರಿನಲ್ಲಿ ತೊಯ್ದಿತ್ತು, ಕಣ್ಣು ತೆರೆದಿದ್ದವು, ಯಾರನ್ನೂ ಗುರುತು ಹಿಡಿಯುತ್ತಿರಲಿಲ್ಲ.

ವಿಶಾಖಾ ಓಡಿ ಬಂದು ಮೈ ಮುಟ್ಟಿದಳು, ತಣ್ಣಗಿತ್ತು. ಓದಿದ್ದು ಕೈಗೆ ಬಂತು. ಬೆಲ್ಲ ತೇಯ್ದು ಒಸಡಿಗೆ ಹಚ್ಚಿದಳು. "ಅಪ್ಪ, ಆಟೋ ತರ್ರಿ! ಲಗೂ!" ಎಂದು ಕೂಗಿದಳು. ಹೊರಡುವ ಮುಂಚೆ ಗುಳಿಗೆಯ ಡಬ್ಬಿಯನ್ನೂ ತೆಗೆದುಕೊಂಡಳು. ಆಟೋದಲ್ಲಿ ಅಜ್ಜಿಯ ತಲೆ ತೊಡೆಯ ಮೇಲಿಟ್ಟುಕೊಂಡು ಡಬ್ಬಿ ತೆರೆದಳು. ಅದೇ ಕಂಪನಿ, ಅದೇ ಹಸಿರು ಪಟ್ಟಿ, ಆದರೆ ಹೆಸರು ಬೇರೆ. ಗ್ಲಿಮಿಪಿರೈಡ್, ನಾಲ್ಕು ಮಿಲಿಗ್ರಾಂ, ಸಕ್ಕರೆಯನ್ನು ವಿಪರೀತ ಇಳಿಸಬಲ್ಲದ್ದು. ಮೀರಾಬಾಯಿಗೆ ಬೇಕಾದದ್ದು ಮೆಟ್‌ಫಾರ್ಮಿನ್. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಎಂದಿನಂತೆ ನಾಲ್ಕು ದಿನ ನುಂಗಿದ್ದಳು. ಇಂಥ ಗುಳಿಗೆ ಇಂಥ ಮುದುಕಿಗೆ ಏನು ಮಾಡುತ್ತದೆಂದು ವಿಶಾಖಾ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದಿದ್ದಳು.

ಬಸವಕಲ್ಯಾಣದ ದವಾಖಾನೆಯಲ್ಲಿ ಡಾಕ್ಟರ್ ಗಜಾಲಾ ಗ್ಲೂಕೋಸ್ ಏರಿಸಿದರು. "ಸಕ್ಕರಿ ಮೂವತ್ತೆಂಟಕ್ಕ ಇಳಿದದ. ಜರಾ ತಡ ಆಗಿದ್ರ ಉಳೀತಿರಲಿಲ್ಲ. ಈ ಗುಳಗಿ ದಿನಕ್ಕ ಎರಡು? ಯಾರು ಬರೆದು ಕೊಟ್ಟಾರ?"

"ಯಾರೂ ಬರೆದಿಲ್ಲ ಮೇಡಂ. ಇವರದು ಬೇರೆ ಗುಳಗಿ. ಇದು ತಪ್ಪಿ ಬಂದದ."

"ನಿಮಗ ಹ್ಯಾಂಗ ಗೊತ್ತಾಯ್ತು?"

"ನಾ ಫಾರ್ಮಸಿ ಓದೀನಿ."

"ಮತ್ತ ಮನ್ಯಾಗಿದ್ದು ಒಮ್ಮೆ ನೋಡಬಾರದೇನಮ್ಮ?"

ಡಾಕ್ಟರು ಬೈಯಲಿಲ್ಲ, ಕೇಳಿದರಷ್ಟೇ. ವಿಶಾಖಾ ತಲೆ ತಗ್ಗಿಸಿ ನಿಂತಳು.

ಎರಡು ದಿನ ಮೀರಾಬಾಯಿ ಎಚ್ಚರಾಗುವಳು, ಮತ್ತೆ ಮಂಪರಿಗೆ ಜಾರುವಳು. ಹದಿನೆಂಟರ ಮಧ್ಯಾಹ್ನ ಪೂರ್ತಿ ಕಣ್ಣು ಬಿಟ್ಟಳು. ಡಾಕ್ಟರು ಬಗ್ಗಿ ಕೇಳಿದರು, "ಆಯಿ, ಗುಳಗಿ ಯಾವ ಅಂಗಡ್ಯಾಗ ತಂದ್ರಿ?"

ಮುದುಕಿಯ ಒಣಗಿದ ತುಟಿ ಅರಳಿತು. "ನಮ್ಮ ಮೊಮ್ಮಗಳ ಅಂಗಡ್ಯಾಗ್ರಿ. ಮಾಣಿಕನಗರದಾಗ. ಈಕಿ ಹೆಸರು ಅದ ನೋಡ್ರಿ ಗ್ವಾಡಿ ಮ್ಯಾಲ."

ಡಾಕ್ಟರು ವಿಶಾಖಾಳ ಕಡೆ ತಿರುಗಿದರು. "ನಾಳೆ ಬಿಲ್ ತಗೊಂಡು ಬರ್ರಿ," ಎಂದರು. "ನಾ ಇದನ್ನ ಔಷಧಿ ಇಲಾಖೆಗಿ ಬರೆದು ಕಳಸಬೇಕಾಗ್ತದ."

ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದರೂ ಯಾರೂ ಉಣ್ಣಲಿಲ್ಲ.

"ಆ ಬಿಲ್ಲು ಎಲ್ಲಿ ಅದ? ಹರಿದು ಒಗೀರಿ," ಎಂದ ನರಸಿಂಗ.

"ಹರೀರಿ!" ದ್ರೌಪತಿಯ ದನಿ ಏರಿತು. "ಹಡೆದ ಅವ್ವ ಸಾಯೋದು ಉಳದದ, ನೀವು ಸಾವಕಾರಗ ಉಳಸಾಕ ಹೊಂಟೀರಿ."

"ಸಾವಕಾರಗಲ್ಲೇ, ಮಗಳಿಗಿ! ಬಿಲ್ಲಿನ ಮ್ಯಾಲ ಯಾರ ಹೆಸರು ಅದ? ಅಂವಂದು ಅದ ಏನು? ಈಕಿದು ಅದ!"

ಅವನು ಹೇಳಿದ್ದು ಖರೆ. ತಾನೇ ಗುಳಿಗೆ ಕೊಟ್ಟೆ ಎಂದರೆ ವಿಶಾಖಾ ಅಜ್ಜಿಯನ್ನು ಸಾವಿನ ಬಾಗಿಲಿಗೆ ದೂಡಿದ ಫಾರ್ಮಸಿಸ್ಟ್. ಅಂಗಡಿಯಲ್ಲಿ ನಾನಿರಲೇ ಇಲ್ಲ ಎಂದರೆ ಸರ್ಟಿಫಿಕೇಟು ಬಾಡಿಗೆಗೆ ಕೊಟ್ಟವಳು. ಹೇಗೆ ಹೇಳಿದರೂ ರಿಜಿಸ್ಟ್ರೇಷನ್ ಹೋಗುತ್ತದೆ, ಅದರ ಬೆನ್ನಿಗೆ ಕಲಬುರಗಿಯ ಸೀಟೂ ಹೋಗುತ್ತದೆ. ಎರಡು ವರ್ಷ ಬಸ್ಸಿನಲ್ಲಿ ನಿಂತು ಓಡಾಡಿ ಓದಿದ್ದೆಲ್ಲ ನೀರಿಗೆ ಹಾಕಿದಂತೆ.

"ನಾ ಖರೇ ಹೇಳಿಬಿಡ್ತೀನಪ್ಪ," ಎಂದಳು ವಿಶಾಖಾ. ಹೇಳುವಾಗಲೇ ಅಳು ಬಂತು. ಹೇಳುವ ಧೈರ್ಯ ತನ್ನಲ್ಲಿಲ್ಲವೆಂದು ಅವಳಿಗೇ ಗೊತ್ತಿತ್ತು.

ಹತ್ತೊಂಬತ್ತರ ಬೆಳಿಗ್ಗೆ, ನರಸಿಂಗನ ಫೋನಿನಲ್ಲಿ ಎಲ್ಲ ಕೇಳಿದ್ದ ವೀರಭದ್ರ ತಾನೇ ದವಾಖಾನೆಗೆ ಬಂದ. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು, ಬಗಲಲ್ಲಿ ಕಾಗದದ ಲಕೋಟೆ. ಮಂಚದ ಪಕ್ಕ ನಿಂತು ಮೀರಾಬಾಯಿಯನ್ನು ನೋಡಿದ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ನನ್ನ ಹೆಂಡ್ತಿ ಮೂರು ದಿನ ಆಯ್ತು, ಉಂಡಿಲ್ಲ," ಎಂದ. ಅದು ಸುಳ್ಳಲ್ಲ. "ಪಟ್ಟಿ ಬಣ್ಣ ನೋಡಿ ಕೊಟ್ಟಾಳ. ನಾ ಊಟಕ್ಕ ಹೋಗಿದ್ದೆ. ಆಗಿದ್ದು ಆಯ್ತು ನರಸಿಂಗ. ಈಗ ಪೋರಿದು ನೋಡು. ಪೂನಂ ಅನ್ನಾಕಿ ಹೂಂ ಅಂದಾಳ, ನಿನ್ನೆನೇ ಕಾಗದ ತಂದು ಕೊಟ್ಟಾರ. ಇದರಾಗ ನಿನ್ನ ಮಗಳ ಕಾಗದ ಎಲ್ಲಾ ಅವ. ಕೆಲಸ ಬಿಟ್ಟಾಳ ಅಂತ ಪತ್ರನೂ ಅದ."

ನರಸಿಂಗ ಕೈ ಚಾಚಿದ. ಲಕೋಟೆ ಮುಂದೆ ಬರಲಿಲ್ಲ.

"ಆ ಬಿಲ್ಲು ಕೊಡ್ರಿ. ಉಳದ ಗುಳಗಿನೂ ಕೊಡ್ರಿ. ಡಾಕ್ಟರಿಗಿ ಹೇಳ್ರಿ, ಮುದುಕಿಗಿ ವಯಸ್ಸಾಗ್ಯದ, ಮನ್ಯಾಗ ಯಾವುದೋ ಹಳೇ ಗುಳಗಿ ತಪ್ಪಿ ತಿಂದಾಳ ಅಂತ. ನಿಮಗೂ ಛಲೋ, ನಮಗೂ ಛಲೋ."

"ನಮ್ಮ ಅತ್ತಿ ಎಂದೂ ತಪ್ಪಿ ತಿಂದಾಕಿ ಅಲ್ಲ," ಎಂದಳು ದ್ರೌಪತಿ. ಆದರೆ ಅವಳ ಕಣ್ಣು ಲಕೋಟೆಯ ಮೇಲೇ ಇತ್ತು. ಕಡೆಗೆ ಅವಳೇ ತಲೆದಿಂಬಿನ ಕೆಳಗಿಂದ ಮುದುಕಿಯ ಸಂಚಿ ತೆಗೆದು ಬಿಚ್ಚಿದಳು.

ಅಡಿಕೆ ಚೂರು, ಸುಣ್ಣದ ಡಬ್ಬಿ, ಅವುಗಳ ನಡುವೆ ನಾಲ್ಕು ಮಡಿಕೆ ಮಾಡಿದ ಚೀಟಿಗಳ ಕಟ್ಟು. ಒಂದಲ್ಲ, ಹತ್ತು ಬಿಲ್ಲು. ಹತ್ತು ತಿಂಗಳಲ್ಲಿ ಕೊಂಡ ಗುಳಿಗೆಗಳವು. ಪ್ರತಿಯೊಂದರಲ್ಲೂ ರಬ್ಬರ್ ಸ್ಟಾಂಪ್ ಒತ್ತಿದ ಜಾಗಕ್ಕೆ ಬೆರಳ ತುದಿಯ ಸುಣ್ಣ ಹತ್ತಿತ್ತು. ನಿನ್ನ ಹೆಸರು ಎಲ್ಲಿದೆ ತೋರಿಸೆಂದು ಅಜ್ಜಿ ಒಮ್ಮೆ ಕೇಳಿದ್ದು, ತಾನು ಬೆರಳಿಟ್ಟು ತೋರಿಸಿದ್ದು ವಿಶಾಖಾಗೆ ನೆನಪಾಯಿತು.

"ಯಾವುದು ಕಡೀದು?" ಎಂದು ನರಸಿಂಗ ಕೇಳಿದ.

"ಎಲ್ಲಾ ಇರ್ಲಿ ಬಿಡು," ಎಂದು ವೀರಭದ್ರ ಹತ್ತನ್ನೂ ಜೇಬಿಗಿಳಿಸಿದ. ವಿಶಾಖಾ ಡಬ್ಬಿಯಿಂದ ಹಸಿರು ಪಟ್ಟಿ ತೆಗೆದು ಅವನ ಕೈಗಿಟ್ಟಳು. ಯಾರೂ ಅವಳಿಂದ ಕಸಿದುಕೊಳ್ಳಲಿಲ್ಲ, ತಾನೇ ಕೊಟ್ಟಳು. ಆಗ ಲಕೋಟೆ ಅವಳ ಕೈಗೆ ಬಂತು.

ಡಾಕ್ಟರ್ ಗಜಾಲಾ ಹನ್ನೊಂದಕ್ಕೆ ಬಂದರು. "ಬಿಲ್ ತಂದ್ರೇನು?"

ನರಸಿಂಗ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಮೇಡಂ, ನಮ್ಮ ಅವ್ವ ಅದಾಳಲ್ಲ, ವಯಸ್ಸಾಗಿ..." ಎಂದು ಶುರುಮಾಡಿದ. ಹೆತ್ತವಳ ಮೇಲೆ ಅವಳ ಮುಂದೆಯೇ ಸುಳ್ಳು ಹೇಳುವುದು ಗಾರೆ ಕಲಸಿದಷ್ಟು ಸುಲಭವಿರಲಿಲ್ಲ.

"ಬಿಲ್ಲು ಇಲ್ರಿ," ಎಂಬ ದನಿ ಮಂಚದಿಂದ ಬಂತು. ಮೀರಾಬಾಯಿ ಕಣ್ಣು ತೆರೆದಿದ್ದಳು. "ನಾನೇ ತಪ್ಪಿ ತಿಂದೀನ್ರಿ ಡಾಕ್ಟರಮ್ಮ. ಮನ್ಯಾಗ ಹಳೇವು ಬಿದ್ದಿದ್ದವು. ಕಣ್ಣು ಕಾಣಸಂಗಿಲ್ಲ ನನಗ. ಅಂಗಡಿ ಮಾತು ಜ್ವರದಾಗ ಏನೇನೋ ಆಡೀನಿ."

"ನಿಮಗ ಜ್ವರ ಇರಲಿಲ್ಲ ಆಯಿ," ಎಂದರು ಡಾಕ್ಟರು.

"ಇತ್ತು ಬಿಡ್ರಿ."

ಡಾಕ್ಟರು ಪೆನ್ನು ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡಿದರು. ನರಸಿಂಗ ಗೋಡೆ ನೋಡುತ್ತಿದ್ದ, ದ್ರೌಪತಿ ನೆಲ. ವಿಶಾಖಾ ಲಕೋಟೆಯನ್ನು ಓಢಣಿಯ ಕೆಳಗೆ ಅವುಚಿಕೊಂಡಿದ್ದಳು. "ಇನ್ನ ಮ್ಯಾಲ ಗುಳಗಿ ಡಬ್ಬಿ ಇವರ ಕೈಗಿ ಕೊಡಬ್ಯಾಡ್ರಿ. ಇವರಿಗಿ ತಿಳಿಯಂಗಿಲ್ಲ," ಎಂದು ಹೇಳಿ ಡಾಕ್ಟರು ಅದನ್ನೇ ಚೀಟಿಯಲ್ಲಿ ಬರೆದು ಹೊರಟುಹೋದರು.

ಇಪ್ಪತ್ತೊಂದಕ್ಕೆ ಮೀರಾಬಾಯಿ ಮನೆಗೆ ಬಂದಳು. ಅವಳ ಗುಳಿಗೆಯ ಡಬ್ಬಿ ಅವಳ ಕೈಗೆಟುಕದ ಹಾಗೆ ಮೇಲಿನ ಹಲಗೆಗೆ ಹೋಯಿತು. ಡಾಕ್ಟರ ಚೀಟಿಯಲ್ಲಿ ಬರೆದದ್ದಲ್ಲವೇ, ಮನೆಯವರೂ ನಂಬಿದ ಹಾಗೆಯೇ ನಡೆದುಕೊಳ್ಳಬೇಕಾಯಿತು. ಸಂಜೆ ಅವಳು ಸಂಚಿ ಬಿಚ್ಚಿ ಹುಡುಕಿದಳು.

"ನನ್ನ ಚೀಟಿ?"

"ಸಾವಕಾರ್ರು ಒಯ್ದಾರ ಆಯಿ," ಎಂದಳು ವಿಶಾಖಾ.

"ಗೊತ್ತದ. ಎಲ್ಲಾ ಒಯ್ದನೇನು? ಒಂದಾದ್ರೂ ಬಿಡಬಾರದಾ?"

ವಿಶಾಖಾ ಅಜ್ಜಿಯ ಕಾಲ ಬಳಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. "ನಾ ಹೋಗಂಗಿಲ್ಲ ಆಯಿ. ನನಗ ಸೀಟು ಬ್ಯಾಡ."

"ಹೋಗಲಿಲ್ಲಂದ್ರ ನಾ ಹುಚ್ಚಿ ಅನಿಸಿಕೊಂಡಿದ್ದು ಎದಕ್ಕ?" ಮುದುಕಿ ಮೊದಲ ಸಲ ಸಿಟ್ಟಾದಳು. "ಸುಮ್ಮನ ಹೋಗಿ ಓದು. ಆದ್ರ ಇನ್ನೊಮ್ಮೆ ನಿನ್ನ ಹೆಸರು ಎಲ್ಲಿ ಹಾಕ್ತಾರ, ಅಲ್ಲಿ ನೀನೂ ಇರಬೇಕು ನೋಡು."

ಅಂದು ವಿಶಾಖಾ, ಕಾಗದ ವಾಪಸ್ ಇಸಿದುಕೋ ಎಂದು ಪೂನಂಗೆ ಮೂರು ಸಲ ಮೆಸೇಜು ಬರೆದಳು, ಮೂರು ಸಲವೂ ಅಳಿಸಿದಳು. ವೀರಭದ್ರನ ಹತ್ತಿರ ಹತ್ತು ಬಿಲ್ಲುಗಳಿದ್ದವು, ಹತ್ತರಲ್ಲೂ ವಿಶಾಖಾಳ ಹೆಸರಿತ್ತು.

ಇಪ್ಪತ್ತೆರಡರ ಬೆಳಿಗ್ಗೆ ದ್ರೌಪತಿ ಆರು ರೊಟ್ಟಿ ಕಟ್ಟಿಕೊಟ್ಟಳು. ನರಸಿಂಗ ಬಸವಕಲ್ಯಾಣದ ತನಕ ಬಂದು ಕಲಬುರಗಿ ಬಸ್ಸಿನಲ್ಲಿ ಕೂರಿಸಿ, ಕಿಟಕಿಯ ಬಳಿ ನಿಂತು, "ಕಾಗದ ಯಾರ ಕೈಯಾಗೂ ಕೊಡಬ್ಯಾಡ," ಎಂದ. ಹೇಳಿದವನೇ ಮುಖ ಆಚೆ ತಿರುಗಿಸಿದ.

ಬಸ್ಸು ಹುಮನಾಬಾದಿನಲ್ಲಿ ನಿಂತಾಗ ಪೂನಂಳ ಫೋನು ಬಂತು.

"ನಿನ್ನಿಂದ ಭಾಳ ಉಪಕಾರ ಆಯ್ತು ವಿಶಾಖಾ! ಮೊದಲನೇ ತಿಂಗಳಿಂದು ಮುಂಗಡಾನೇ ಕೊಟ್ಟಾರ. ನಿನ್ನೆ ಗ್ವಾಡಿಗಿ ಹಾಕ್ಯಾರಂತ. ನಮ್ಮ ಅತ್ತಿಯವರಿಗಿ ತಡೀಲಿಕ್ಕೇ ಆಗಲಿಲ್ಲ, ಮುಂಜಾನಿ ಬಸ್ಸಿಗೇ ಮಾಣಿಕನಗರಕ್ಕ ಹೋಗ್ಯಾರ. ಇನ್ನ ಮ್ಯಾಲ ಅವರ ಗುಳಗಿ ಎಲ್ಲಾ ಅಲ್ಲಿಂದೇ. ನಮ್ಮ ಅಂಗಡಿ ಅಲ್ಲೇನು?"

ವಿಶಾಖಾ ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಫೋನು ಇಟ್ಟಳು, ಚೀಲ ಎತ್ತಿಕೊಂಡಳು, ಇಳಿದಳು. ಕಂಡಕ್ಟರು, "ಎಲ್ಲಿಗವ್ವ, ಇದು ಕಲಬುರ್ಗಿ ಅಲ್ಲ!" ಎಂದು ಕೂಗುತ್ತಿದ್ದ. ಅವಳಾಗಲೇ ಆಟೋದಲ್ಲಿದ್ದಳು.

ಅಂಗಡಿಯಲ್ಲಿ ವೀರಭದ್ರ ಇರಲಿಲ್ಲ. ಜಯಮಾಲಾ ಹಣದ ಗಲ್ಲೆಯ ಹಿಂದಿದ್ದಳು, ಮುಖ ಇಳಿದುಹೋಗಿತ್ತು. ದೇವರ ಪಕ್ಕ ಅದೇ ಚೌಕಟ್ಟು, ಒಳಗೆ ಪೂನಂಳ ಹೆಸರು. ಅದರ ಮುಂದೆ ಹಸಿರು ಸೀರೆಯ ಮುದುಕಿಯೊಬ್ಬಳು ಕೈ ಕಟ್ಟಿ ನಿಂತು ಮೇಲೆ ನೋಡುತ್ತಿದ್ದಳು. ಗಲ್ಲೆಯ ಮೇಲೆ ಮೂರು ಗುಳಿಗೆ ಪಟ್ಟಿ, ಸ್ಟಾಂಪ್ ಒತ್ತಿದ ಬಿಲ್ಲು.

ವಿಶಾಖಾಳನ್ನು ಕಂಡದ್ದೇ, ಎಲ್ಲಿ ಬೈದಾಳೋ ಎಂದು ಹೆದರಿದವಳಂತೆ ಜಯಮಾಲಾ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಮೆಲ್ಲಗೆ ಮೂರೂ ಪಟ್ಟಿಗಳನ್ನು ಅವಳ ಮುಂದೆ ದೂಡಿದಳು. "ತಂಗಿ, ಜರಾ ನೋಡಿಕೊಡವ್ವ. ಮತ್ತ ತಪ್ಪಿದ್ರ ಹ್ಯಾಂಗ?"

ವಿಶಾಖಾ ಮುದುಕಿಯ ಚೀಲದಿಂದ ಹಳೆಯ ಖಾಲಿ ಪಟ್ಟಿಗಳನ್ನು ಕೇಳಿ ತೆಗೆದುಕೊಂಡಳು. ಒಂದೊಂದರ ಹೆಸರೂ ಓದಿದಳು, ಸಣ್ಣ ಅಕ್ಷರಗಳನ್ನೂ ಓದಿದಳು. ಮೊದಲನೆಯದು ಸರಿ, ಎರಡನೆಯದು ಸರಿ. ಮೂರನೆಯದು ರಕ್ತದೊತ್ತಡದ ಗುಳಿಗೆ, ಹೆಸರು ಅದೇ.

"ಇದು ಐವತ್ತು ಮಿಲಿಗ್ರಾಂದು ಅಕ್ಕೋರೆ. ಇವರದು ಇಪ್ಪತ್ತೈದು."

ಜಯಮಾಲಾ ಬಾಯಿಗೆ ಸೆರಗು ಒತ್ತಿಕೊಂಡು ಕಪಾಟಿನ ಕಡೆ ತಿರುಗಿದಳು. ವಿಶಾಖಾ ಸರಿಯಾದ ಪಟ್ಟಿ ಇಸಿದುಕೊಂಡು ಮತ್ತೊಮ್ಮೆ ಓದಿ, ಯಾವುದು ಎಷ್ಟು ಹೊತ್ತಿಗೆ ಎಂದು ಮುದುಕಿಗೆ ಬಿಡಿಸಿ ಹೇಳಿದಳು. ತನ್ನ ಹೆಸರು ಹತ್ತು ತಿಂಗಳು ತೂಗಿದ ಅಂಗಡಿಯಲ್ಲಿ ಅವಳು ಮಾಡಿದ ಮೊದಲ ಕೆಲಸ ಅದು.

ಮುದುಕಿಗೆ ಸಂತೋಷವಾಯಿತು. "ಎಷ್ಟು ಚೆಂದ ಹೇಳ್ತೀಯವ್ವ. ಮುಂದಿನ ತಿಂಗಳೂ ನೀ ಇಲ್ಲೇ ಇರ್ತೀಯಲ್ಲ?"

"ಇಲ್ರಿ ಆಯಿ. ಮುಂದಿನ ತಿಂಗಳ..." ವಿಶಾಖಾ ಗೋಡೆಯ ಕಡೆ ನೋಡಿದಳು. "ಪೂನಂ ಇರ್ತಾಳ್ರಿ."

"ನಮ್ಮ ಪೂನಂ?" ಮುದುಕಿ ಬಾಯಿ ತುಂಬ ನಕ್ಕಳು. "ಆಕಿ ಹುಲಸೂರಾಗ ರೊಟ್ಟಿ ಬಡಿಯಾಕತ್ತಾಳಲ್ಲವ್ವ! ಇಲ್ಲಿ ಯಾರಿರ್ತಾರ, ಅದು ಹೇಳು."

ಜಯಮಾಲಾ ಕೂಡ ಉತ್ತರಕ್ಕೆ ಕಾಯುವವಳಂತೆ ಅವಳನ್ನೇ ನೋಡುತ್ತಿದ್ದಳು. ಗಡಿಯಾರದಲ್ಲಿ ಹನ್ನೆರಡೂವರೆ ಆಗಿತ್ತು, ಐದರೊಳಗೆ ಕಲಬುರಗಿ ಸೇರಬೇಕಿತ್ತು. ವಿಶಾಖಾ ಪಟ್ಟಿಗಳನ್ನು ಒಂದೊಂದಾಗಿ ಮುದುಕಿಯ ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿ ಕೊಟ್ಟಳು. ನಂತರ ತನ್ನ ಲಕೋಟೆಯನ್ನು ಎದೆಗವಚಿಕೊಂಡು, ಕಲಬುರಗಿ ಬಸ್ಸಿಗೆ ಹೊರಟಳು.